ಕ್ವೆರಿಗೂ ಒಂದು ಟಿಪ್ಪಣಿ ಹಾಳೆ ಬೇಕು

2001ರ ಜನಗಣತಿಯಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರ ಜನಗಣತಿಯಲ್ಲಿ ಅದೇ ಹೆಸರಿನ ಜಿಲ್ಲೆಯ ಜನಸಂಖ್ಯೆ 25,66,326. ಎರಡೂ ಸರ್ಕಾರಿ ಅಂಕಿಗಳೇ, ಎರಡೂ ಸರಿಯಾದವೇ. ಇವೆರಡನ್ನೂ ಕಂಪ್ಯೂಟರಿಗೆ ಕೊಟ್ಟು ಹತ್ತು ವರ್ಷದಲ್ಲಿ ಜನ ಎಷ್ಟು ಹೆಚ್ಚಿದರು ಎಂದು ಕೇಳಿದರೆ, ಹೆಚ್ಚಿಲ್ಲ, ಶೇ 18ರಷ್ಟು ಕಡಿಮೆಯಾಗಿದ್ದಾರೆ ಎಂಬ ಉತ್ತರ ಬರುತ್ತದೆ. ಬರವಿಲ್ಲ, ಮಾರಿಯಿಲ್ಲ, ಐದೂವರೆ ಲಕ್ಷಕ್ಕೂ ಮೀರಿದ ಜನ ಕಾಣೆ. ನಡೆದದ್ದು ಬೇರೆ. 2009ರ ಕೊನೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಬಿಡಿಸಿ ಯಾದಗಿರಿ ಜಿಲ್ಲೆ ಮಾಡಿದರು. ಆ ಮೂರು ತಾಲ್ಲೂಕುಗಳಲ್ಲಿ 2001ರಲ್ಲಿ ಇದ್ದ 9,56,180 ಜನರನ್ನು ಹಳೆಯ ಲೆಕ್ಕದಿಂದ ಕಳೆದರೆ ಉಳಿಯುವುದು 21,74,742. ಅದು ಹತ್ತು ವರ್ಷದಲ್ಲಿ 25,66,326 ಆಯಿತು, ಅಂದರೆ ಶೇ 18ರಷ್ಟು ಏರಿತು. ಇಳಿಕೆಯೂ ಹದಿನೆಂಟು, ಏರಿಕೆಯೂ ಹದಿನೆಂಟು. ನಡುವೆ ಇರುವುದು ಮೂರು ತಾಲ್ಲೂಕುಗಳ ಹೆಸರಿರುವ ಒಂದೇ ಒಂದು ಸಾಲಿನ ಅಂತರ. ಆ ಸಾಲನ್ನು ಯಾರೋ ಬರೆದಿಟ್ಟಿದ್ದರೆ ಮುಂದೆ ಲೆಕ್ಕ ಮಾಡುವವರು ಎಡವುವುದಿಲ್ಲ. ಬರೆದಿಡದಿದ್ದರೆ ಎಡವಿದ್ದೂ ಗೊತ್ತಾಗುವುದಿಲ್ಲ, ಏಕೆಂದರೆ ಕಂಪ್ಯೂಟರ್ ತಪ್ಪು ಉತ್ತರವನ್ನೂ ಸರಿಯುತ್ತರದಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ.

ಕಚ್ಚಾ ದಾಖಲೆಯಿಂದ ಬೇಕಾದ್ದನ್ನು ಆರಿಸುವ, ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಜೋಡಿಸುವ, ಕೂಡಿ ಕಳೆದು ಸರಾಸರಿ ತೆಗೆಯುವ ಆದೇಶಗಳನ್ನು ಕಂಪ್ಯೂಟರ್ ಬಲ್ಲವರು ಕ್ವೆರಿ ಎನ್ನುತ್ತಾರೆ. ಇಂದು ಹಳ್ಳಿಯ ಪಹಣಿಯಿಂದ ಹಿಡಿದು ವಿಧಾನಸೌಧದ ಬಜೆಟ್ ಪುಸ್ತಕದವರೆಗೆ ನಾವು ಕಾಣುವ ಬಹುತೇಕ ಅಂಕಿಗಳು ಇಂಥ ಹತ್ತಾರು ಕ್ವೆರಿಗಳ ಜರಡಿಯಲ್ಲಿ ಇಳಿದು ಬಂದವು. ಜರಡಿಯ ಕಣ್ಣು ಎಷ್ಟು ದೊಡ್ಡದು, ಅದರಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎಂಬುದನ್ನು ಓದಬಲ್ಲ ಕನ್ನಡದಲ್ಲಿ ಬರೆದು ಅಂಕಿಯ ಜೊತೆಗೇ ಇಡಬೇಕು ಎಂಬುದು ನನ್ನ ವಾದ. ಸರ್ಕಾರಿ ಕಚೇರಿಗೆ ಇದು ಹೊಸ ಪಾಠವೇನಲ್ಲ. ಯಾವುದೇ ಕಡತ ಬಿಚ್ಚಿ ನೋಡಿ, ಒಂದು ಕಡೆ ಪತ್ರವ್ಯವಹಾರ, ಇನ್ನೊಂದು ಕಡೆ ಟಿಪ್ಪಣಿ ಹಾಳೆ. ಯಾರು ಏನು ಕೇಳಿದರು, ಯಾವ ನಿಯಮ ನೋಡಿದರು, ಏಕೆ ಒಪ್ಪಿದರು ಎಂಬುದು ಕಂಡಿಕೆಗೊಂದು ಸಂಖ್ಯೆ ಹಾಕಿ ಅಲ್ಲಿ ನಮೂದಾಗುತ್ತದೆ. ಹತ್ತು ಸಾವಿರ ರೂಪಾಯಿಯ ಬಿಲ್ಲಿಗೆ ಟಿಪ್ಪಣಿ ಹಾಳೆ ಬೇಕು. ಹತ್ತು ಸಾವಿರ ರೈತರ ಪಾಲು ನಿರ್ಧರಿಸುವ ಕ್ವೆರಿಗೆ ಮಾತ್ರ ಏಕೆ ಬೇಡ?

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂಥ ಊರಿನ ಒಂದು ಪಹಣಿಯನ್ನೇ ಕೈಗೆತ್ತಿಕೊಳ್ಳೋಣ. ಜಮೀನಿನ ವಿಸ್ತೀರ್ಣದ ಕಾಲಂನಲ್ಲಿ 2.20 ಎಂದಿದೆ ಎನ್ನಿ. ಶಾಲೆಗೆ ಹೋಗದ ಮುದುಕಿಯೂ ಅದನ್ನು ಎರಡು ಎಕರೆ ಇಪ್ಪತ್ತು ಗುಂಟೆ ಎಂದೇ ಓದುತ್ತಾಳೆ, ಎರಡೂವರೆ ಎಕರೆ ಎಂದು ತಿಳಿಯುತ್ತಾಳೆ, ಏಕೆಂದರೆ ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಅವಳ ಬದುಕಿನ ಲೆಕ್ಕ. ಕಂಪ್ಯೂಟರಿಗೆ ಹಾಗಲ್ಲ. ಅದಕ್ಕೆ 2.20 ಎಂದರೆ ಎರಡು ದಶಾಂಶ ಎರಡು. ಅದೇ ರೈತನ ಇನ್ನೊಂದು ಸರ್ವೆ ನಂಬರಿನಲ್ಲಿ 1.30 ಇದ್ದರೆ ಯಂತ್ರ ಎರಡನ್ನೂ ಕೂಡಿ ಮೂರೂವರೆ ಎಕರೆ ಎನ್ನುತ್ತದೆ. ರೈತನ ಲೆಕ್ಕ ನಾಲ್ಕು ಎಕರೆ ಹತ್ತು ಗುಂಟೆ. ಕಳೆದುಹೋದದ್ದು ಮೂವತ್ತು ಗುಂಟೆ, ಮುಕ್ಕಾಲು ಎಕರೆ. ಬೆಳೆವಿಮೆಯ ಮೊತ್ತ ಹೆಕ್ಟೇರಿಗಿಷ್ಟು ಎಂದು ನಿಗದಿಯಾಗಿರುವುದರಿಂದ ಎಕರೆಯನ್ನು ಮತ್ತೆ ಹೆಕ್ಟೇರಿಗೆ ಬದಲಿಸಬೇಕು. ಆಗ 1.72 ಹೆಕ್ಟೇರ್ ಇರಬೇಕಾದ ಕಡೆ 1.42 ಬಂದು ಕೂರುತ್ತದೆ. ಈ ತಪ್ಪಿನಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಗುಂಟೆ ಎಂದರೇನೆಂದು ತಿಳಿಯದ ಊರಿನಲ್ಲಿ ಕುಳಿತು ಒಬ್ಬ ತರುಣ ಕ್ವೆರಿ ಬರೆದರೆ ಸಾಕು. ‘ಚುಕ್ಕೆಯ ಆಚೆಗಿರುವುದು ಗುಂಟೆ, ದಶಾಂಶವಲ್ಲ, ನಲವತ್ತರಿಂದ ಭಾಗಿಸಿ ಎಕರೆಗೆ ಸೇರಿಸಿದೆ’ ಎಂಬ ಒಂದು ಸಾಲು ಕ್ವೆರಿಯ ಪಕ್ಕದಲ್ಲಿದ್ದರೆ ಗ್ರಾಮ ಆಡಳಿತಾಧಿಕಾರಿಯೂ ರೈತಸಂಘದ ಹುಡುಗನೂ ಅದನ್ನು ಓದಿ ಸರಿಯೋ ತಪ್ಪೋ ಹೇಳಬಲ್ಲರು. ಆ ಸಾಲು ಇಲ್ಲದಿದ್ದರೆ ಹೇಳಬಲ್ಲ ಜ್ಞಾನ ಊರಿನಲ್ಲಿ ಇದ್ದೂ ಕೆಲಸಕ್ಕೆ ಬರುವುದಿಲ್ಲ.

ಹೆಸರಿನ ತೊಡಕು ಇದಕ್ಕಿಂತ ಸೂಕ್ಷ್ಮ. ಕನ್ನಡದಲ್ಲಿ ಗುಂಡಗುರ್ತಿ ಎಂದು ಬರೆಯಲು ಇರುವುದು ಒಂದೇ ದಾರಿ. ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದೊಡನೆ ನಡುವಿನ ‘ಡ’ಕಾರಕ್ಕೆ ಸ್ವರ ಹಚ್ಚಿ ಒಂದು ರೂಪ, ಹಚ್ಚದೆ ಇನ್ನೊಂದು, ಕೊನೆಯ ‘ತಿ’ಗೆ ಮಹಾಪ್ರಾಣದ ಗುರುತು ಸೇರಿಸಿ ಮತ್ತೊಂದು. ಚಿತ್ತಾಪುರಕ್ಕೆ ಒಂದು ತಕಾರವೋ ಎರಡೋ ಎಂಬುದು ಇಲಾಖೆಯಿಂದ ಇಲಾಖೆಗೆ ಬೇರೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಸೇಡಂ ‘ಸೇರಂ’ ಆಗಿದೆ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಎರಡು ಇಲಾಖೆಗಳ ಪಟ್ಟಿಗಳನ್ನು ಊರಿನ ಹೆಸರಿನ ಆಧಾರದ ಮೇಲೆ ಜೋಡಿಸುವ ಕ್ವೆರಿ, ಎರಡೂ ಕಡೆ ಅಕ್ಷರಕ್ಕೆ ಅಕ್ಷರ ತಾಳೆಯಾದ ಊರುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ತಾಳೆಯಾಗದವನ್ನು ದೂರು ಹೇಳದೆ ಬಿಟ್ಟುಬಿಡುತ್ತದೆ. ಇನ್ನರ್ ಜಾಯಿನ್ ಎಂಬ ಈ ಜೋಡಣೆಯಲ್ಲಿ ಬಿದ್ದುಹೋದ ಊರು ಎಲ್ಲೂ ಕೆಂಪು ಅಕ್ಷರದಲ್ಲಿ ಕಾಣುವುದಿಲ್ಲ. ಅಲ್ಲಿ ಸೊನ್ನೆ ಇದ್ದಿದ್ದರೆ ಯಾರಾದರೂ ಕೇಳುತ್ತಿದ್ದರು. ಸಾಲೇ ಇಲ್ಲದಿದ್ದರೆ ಕೇಳುವವರು ಯಾರು? ಹೆಸರಿನ ಬದಲು ಜನಗಣತಿಯ ಗ್ರಾಮ ಸಂಕೇತವನ್ನೋ ಕೇಂದ್ರದ ಸ್ಥಳೀಯ ಸಂಸ್ಥೆಗಳ ಕೋಶದ ಸಂಕೇತವನ್ನೋ ಬಳಸಿದರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಆಗಲೂ ‘ಜೋಡಿಸುವ ಮುನ್ನ ಎಷ್ಟು ಊರು, ಜೋಡಿಸಿದ ಮೇಲೆ ಎಷ್ಟು, ಬಿದ್ದುಹೋದವು ಯಾವುವು’ ಎಂದು ಬರೆದಿಡುವುದು ಬೇಕೇ ಬೇಕು. ಬಿದ್ದ ಊರುಗಳ ಪಟ್ಟಿಯೇ ಕೆಲವೊಮ್ಮೆ ವರದಿಗಿಂತ ಹೆಚ್ಚು ಮಾತನಾಡುತ್ತದೆ.

ಬೆಳೆವಿಮೆಗೆ ಬರೋಣ, ಏಕೆಂದರೆ ತೊಗರಿಯ ನಾಡಿನಲ್ಲಿ ಅಂಕಿಯ ಬಿಸಿ ನೇರವಾಗಿ ತಟ್ಟುವುದು ಇಲ್ಲಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು ಘಟಕವಾಗಿಟ್ಟುಕೊಂಡು, ಬೆಳೆ ಕಟಾವು ಪ್ರಯೋಗದಿಂದ ಆ ವರ್ಷದ ಇಳುವರಿ ಕಂಡುಹಿಡಿಯುತ್ತಾರೆ. ಅದನ್ನು ಹೊಸ್ತಿಲ ಇಳುವರಿಯೊಂದಿಗೆ ಹೋಲಿಸಿ, ಎಷ್ಟು ಕಡಿಮೆಯೋ ಅಷ್ಟರ ಪ್ರಮಾಣದಲ್ಲಿ ಪರಿಹಾರ. 2018ರ ಪರಿಷ್ಕೃತ ಮಾರ್ಗಸೂಚಿಯಂತೆ ಕಳೆದ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷಗಳ ಸರಾಸರಿ ತೆಗೆದು, ಅದಕ್ಕೆ ನಷ್ಟಭರ್ತಿಯ ಮಟ್ಟವನ್ನು ಗುಣಿಸಿದರೆ ಹೊಸ್ತಿಲು ಸಿಗುತ್ತದೆ. ತಿಳಿಯಲೆಂದು ಒಂದು ಲೆಕ್ಕ ಇಟ್ಟುಕೊಳ್ಳೋಣ. ಏಳು ವರ್ಷಗಳ ಇಳುವರಿ ಹೆಕ್ಟೇರಿಗೆ ಒಂಬತ್ತು, ನಾಲ್ಕು, ಎಂಟು, ಹತ್ತು, ಮೂರು, ಏಳು, ಆರು ಕ್ವಿಂಟಾಲ್. ಒಳ್ಳೆಯ ಐದರ ಸರಾಸರಿ 8, ಶೇ 80ರ ಮಟ್ಟದಲ್ಲಿ ಹೊಸ್ತಿಲು 6.4. ಈ ವರ್ಷ ಬಂದದ್ದು 5 ಕ್ವಿಂಟಾಲ್ ಆದರೆ ಪರಿಹಾರ ವಿಮಾ ಮೊತ್ತದ ಶೇ 22ರಷ್ಟು. ಕ್ವೆರಿಯಲ್ಲಿ ‘ಒಳ್ಳೆಯ ಐದು’ ಎಂಬ ಷರತ್ತು ಬಿಟ್ಟುಹೋಗಿ ಏಳಕ್ಕೂ ಸರಾಸರಿ ತೆಗೆದರೆ ಹೊಸ್ತಿಲು ಸುಮಾರು 5.4ಕ್ಕೆ ಇಳಿದು ಪರಿಹಾರ ಶೇ 7ಕ್ಕೆ ಬಂದು ನಿಲ್ಲುತ್ತದೆ. ಅದೇ ಹೊಲ, ಅದೇ ಇಳುವರಿ, ಅದೇ ರೈತ. ಬದಲಾದದ್ದು ಕ್ವೆರಿಯ ಒಂದು ಸಾಲು.

ಇದರೊಳಗೆ ಇನ್ನೊಂದು ಗಂಟು ಇದೆ. ಒಂದು ವರ್ಷದ ಖಾನೆ ಖಾಲಿ ಇದೆ ಎನ್ನಿ. ಆ ವರ್ಷ ಬೆಳೆಯೇ ಬರಲಿಲ್ಲವೋ, ಪ್ರಯೋಗ ನಡೆಯಲಿಲ್ಲವೋ, ನಡೆದೂ ಅಂಕಿ ತುಂಬಲಿಲ್ಲವೋ? ಮೊದಲನೆಯದಾದರೆ ಅಲ್ಲಿ ಸೊನ್ನೆ ಇರಬೇಕು. ಉಳಿದೆರಡಕ್ಕೆ ಖಾಲಿಯೇ ಸರಿ. ಡೇಟಾಬೇಸಿನಲ್ಲಿ ಸೊನ್ನೆ ಬೇರೆ, ನಲ್ ಎಂಬ ಖಾಲಿ ಬೇರೆ. ಸರಾಸರಿ ತೆಗೆಯುವಾಗ ಕ್ವೆರಿ ಸೊನ್ನೆಯನ್ನು ಎಣಿಸುತ್ತದೆ, ಖಾಲಿಯನ್ನು ಎಣಿಸುವುದೇ ಇಲ್ಲ. ಕ್ವೆರಿ ಬರೆದವರು ಖಾಲಿಗಳನ್ನೆಲ್ಲ ಸೊನ್ನೆ ಮಾಡಿದರೋ, ಪಕ್ಕದ ಪಂಚಾಯಿತಿಯ ಅಂಕಿ ತಂದು ತುಂಬಿದರೋ, ಹಾಗೇ ಬಿಟ್ಟರೋ ಎಂಬುದು ಫಲಿತಾಂಶ ನೋಡಿದವರಿಗೆ ಎಂದೂ ತಿಳಿಯುವುದಿಲ್ಲ. ರೈತನ ಮೊಬೈಲಿಗೆ ಬರುವುದು ಕೊನೆಯ ಒಂದು ಅಂಕಿ. ಆ ಅಂಕಿಯನ್ನು ಅವನು ಒಪ್ಪದೇ ಇದ್ದರೆ ವಾದಿಸಲು ಅವನಿಗೆ ಹಿಡಿ ಎಲ್ಲಿದೆ? ‘ನಮ್ಮ ಪಂಚಾಯಿತಿಗೆ ಅನ್ಯಾಯವಾಗಿದೆ’ ಎಂದು ಕೂಗಬಲ್ಲ, ಅಷ್ಟೆ. ‘ಇಂಥ ವರ್ಷದ ಖಾಲಿಯನ್ನು ನೀವು ಹೀಗೆ ತುಂಬಿದ್ದೀರಿ, ಅದು ಮಾರ್ಗಸೂಚಿಗೆ ಹೊಂದುವುದಿಲ್ಲ’ ಎಂದು ಹೇಳಬೇಕಾದರೆ ತುಂಬಿದ ಬಗೆ ಎಲ್ಲಾದರೂ ಬರೆದಿರಬೇಕು.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಗಟ್ಟಿ ಸಾಕ್ಷಿಯಿದೆ. ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಪ್ರಾದೇಶಿಕ ಅಸಮತೋಲನದ ಮೇಲೆ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಪ್ರತಿ ತಾಲ್ಲೂಕಿಗೂ ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ ಕಟ್ಟಿತು. 1ಕ್ಕಿಂತ ಕೆಳಗಿದ್ದವು 114 ತಾಲ್ಲೂಕು. ಅವುಗಳಲ್ಲಿ 0.89ರಿಂದ 0.99ರವರೆಗಿನವು ಹಿಂದುಳಿದವು, 0.80ರಿಂದ 0.88 ಅತಿ ಹಿಂದುಳಿದವು, 0.53ರಿಂದ 0.79 ಅತ್ಯಂತ ಹಿಂದುಳಿದವು. ಕೊನೆಯ ಗುಂಪಿನಲ್ಲಿದ್ದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅಲ್ಲಿವೆ. ಮಳಖೇಡದಲ್ಲಿ, ಸೇಡಂನಲ್ಲಿ, ವಾಡಿಯಲ್ಲಿ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದಿನ ಹಾಸುಗಲ್ಲು ದೇಶದ ಉದ್ದಗಲ ಹೋಗುತ್ತದೆ, ಆದರೂ ಆ ತಾಲ್ಲೂಕುಗಳು ಅತ್ಯಂತ ಹಿಂದುಳಿದವು ಹೇಗೆ ಎಂದು ಹೊರಗಿನವರು ಕೇಳುವುದುಂಟು. ಉತ್ತರ ಸೂಚಕಗಳ ಪಟ್ಟಿಯಲ್ಲೇ ಇದೆ. ಕಾರ್ಖಾನೆಯ ಚಿಮಣಿ ಕೈಗಾರಿಕೆಯ ಒಂದೆರಡು ಖಾನೆಗಳನ್ನು ಎತ್ತಬಲ್ಲದೇ ಹೊರತು ಸಾಕ್ಷರತೆ, ಆಸ್ಪತ್ರೆ, ನೀರಾವರಿಗಳ ಖಾನೆಗಳನ್ನು ಎತ್ತುವುದಿಲ್ಲ. ವರದಿ ತನ್ನ ಸೂಚಕಗಳನ್ನೂ ತಾಲ್ಲೂಕುವಾರು ಕೋಷ್ಟಕಗಳನ್ನೂ ಮುದ್ರಿಸಿದ್ದರಿಂದಲೇ ಈ ಉತ್ತರ ಸಿಗುತ್ತದೆ. ಎರಡು ದಶಕ ಕಳೆದರೂ ಈ ಭಾಗದ ಹೋರಾಟಗಾರರು, ಪ್ರಾಧ್ಯಾಪಕರು, ಶಾಸಕರು ಆ ಸೂಚ್ಯಂಕವನ್ನು ಹಿಡಿದು ವಾದಿಸುತ್ತಿದ್ದಾರೆ, ತಿದ್ದುಪಡಿ ಕೇಳುತ್ತಿದ್ದಾರೆ. 0.79ಕ್ಕೂ 0.80ಕ್ಕೂ ನಡುವೆ ಗೆರೆ ಎಳೆದದ್ದು ಸರಿಯೇ ಎಂದು ಪ್ರಶ್ನಿಸಬಹುದು, ಏಕೆಂದರೆ ಗೆರೆ ಎಲ್ಲಿದೆ ಎಂದು ಗೊತ್ತಿದೆ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯ ಶಿಫಾರಸು ಜನರ ಬಾಯಲ್ಲಿ ಉಳಿದದ್ದೂ, ಆ ಮೊತ್ತದ ಹಿಂದಿನ ಲೆಕ್ಕ ಕಣ್ಣಿಗೆ ಕಾಣುವಂತಿದ್ದುದರಿಂದ.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಅದರ ಬೆನ್ನಿಗೆ ಬಂದ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, 2019ರ ನಂತರ ಅದೇ ಕಲ್ಯಾಣ ಕರ್ನಾಟಕ ಮಂಡಳಿ, ಎಲ್ಲದರ ನೆರಳಿನಲ್ಲೂ ಆ ತಾಲ್ಲೂಕುವಾರು ಸೂಚ್ಯಂಕವಿದೆ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಅದೇ ಅಸಮತೋಲನದ ಅಧ್ಯಯನಕ್ಕೆ ಹೊಸ ಸಮಿತಿ ರಚನೆಯಾಯಿತು. ನಂಜುಂಡಪ್ಪ ಕಾಲದಲ್ಲಿ ಲೆಕ್ಕವನ್ನು ಕಾಗದದ ಮೇಲೆ ಹಿಂಬಾಲಿಸಬಹುದಿತ್ತು. ಈಗ ತಾಲ್ಲೂಕುಗಳ ಸಂಖ್ಯೆ 240ರ ಸಮೀಪಕ್ಕೆ ಬಂದಿದೆ, ಅಂಕಿಗಳು ಹತ್ತಾರು ಇಲಾಖೆಗಳ ಡೇಟಾಬೇಸುಗಳಿಂದ ಬರುತ್ತವೆ, ನಡುವಿನ ಹೆಜ್ಜೆಗಳೆಲ್ಲ ಕ್ವೆರಿಗಳಲ್ಲಿ ಅಡಗಿವೆ. ಕಾಗದದ ಕಾಲದಲ್ಲಿ ತಾನಾಗಿ ಉಳಿಯುತ್ತಿದ್ದ ಹೆಜ್ಜೆಗುರುತನ್ನು ಈಗ ಬೇಕೆಂದೇ ಉಳಿಸಬೇಕಾಗಿದೆ.

ವ್ಯಾಖ್ಯಾನದ ಬೆಲೆಯನ್ನು ಈ ಸೀಮೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಶಹಾಬಾದ್ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆಯೇ ಮಿತಾಕ್ಷರ. ಮೂಲದ ಶ್ಲೋಕಗಳು ಬಿಗಿಯಾದವು, ನಾಲ್ಕು ಪದದಲ್ಲಿ ಒಂದು ನಿಯಮ. ಅವನ್ನು ಆಚರಣೆಗೆ ತರಬಹುದಾದ ಕಾನೂನಾಗಿಸಿದ್ದು ಟೀಕೆ. ‘ಸಪಿಂಡ’ ಎಂಬ ಒಂದೇ ಪದವನ್ನು ನೋಡಿ. ಪಿಂಡ ಎಂದರೆ ಒಂದೇ ದೇಹದ ಅಂಶ, ಆದ್ದರಿಂದ ರಕ್ತಸಂಬಂಧದ ಹತ್ತಿರವೇ ಆಸ್ತಿಯ ಹಕ್ಕಿಗೆ ಆಧಾರ ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳಿದ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಅದೇ ಪದವನ್ನು ಪಿತೃಗಳಿಗೆ ಇಡುವ ಪಿಂಡಕ್ಕೆ ಕಟ್ಟಿದ. ಪದ ಒಂದೇ, ಅರ್ಥದ ಟಿಪ್ಪಣಿ ಎರಡು, ಶತಮಾನಗಳ ಕಾಲ ದೇಶದಲ್ಲಿ ಆಸ್ತಿ ಹಂಚಿಕೆಗೆ ಎರಡು ಹಾದಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಮಿತಾಕ್ಷರದ ಹೆಸರು ಹಿಡಿದೇ ಮಾತನಾಡುತ್ತದೆ. ಇಂದಿನ ಡೇಟಾಬೇಸಿನಲ್ಲಿ ‘ಕುಟುಂಬ’, ‘ಸಾಗುವಳಿದಾರ’, ‘ಬಡವ’ ಎಂಬ ಕಾಲಂಗಳ ಹಣೆಬರಹವೂ ಹೀಗೆಯೇ. ಪಹಣಿಯ ಮಾಲೀಕನೋ, ಗುತ್ತಿಗೆಗೆ ಉಳುವವನೋ, ಯಾರು ಸಾಗುವಳಿದಾರ ಎಂದು ಕ್ವೆರಿ ಒಂದು ಅರ್ಥ ಹಿಡಿದೇ ಹಿಡಿಯುತ್ತದೆ. ಆ ಅರ್ಥ ಬರಹದಲ್ಲಿದ್ದರೆ ಅದರ ಮೇಲೆ ವಾದ ಹೂಡಬಹುದು.

ಕಂಪ್ಯೂಟರ್ ಬಲ್ಲವರ ಮೊದಲ ಆಕ್ಷೇಪ ನನಗೆ ಗೊತ್ತು: ಕ್ವೆರಿಯೇ ಸ್ವತಃ ದಾಖಲೆ, ಅದಕ್ಕೆ ಇನ್ನೊಂದು ದಾಖಲೆ ಏಕೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ವೆರಿ ಬರೆಯುವ ಎಸ್‌ಕ್ಯುಎಲ್ ಭಾಷೆಯನ್ನು 1974ರಲ್ಲಿ ಐಬಿಎಂನಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ್ದೇ ಸಾಮಾನ್ಯ ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಳ್ಳಲಿ ಎಂದು. ಅಭ್ಯಾಸವಿದ್ದವರಿಗೆ ಅದು ಓದಿಸಿಕೊಳ್ಳುತ್ತದೆ ಕೂಡ. ಆದರೆ ಕ್ವೆರಿ ಹೇಳುವುದು ಏನು ಮಾಡಿದೆ ಎಂದು. ಏಕೆ ಮಾಡಿದೆ ಎಂದಲ್ಲ. ಒಂದು ವರ್ಷವನ್ನು ಲೆಕ್ಕದಿಂದ ಹೊರಗಿಟ್ಟ ಸಾಲು ಕಣ್ಣಿಗೆ ಬೀಳುತ್ತದೆ. ಆ ವರ್ಷ ಬರವಿತ್ತು ಎಂದು ಹೊರಗಿಟ್ಟರೋ, ಅಂಕಿ ನಂಬಲರ್ಹವಲ್ಲ ಎಂದೋ, ಮೇಲಿನವರು ಹೇಳಿದರು ಎಂದೋ, ಅದು ಯಾವ ಕ್ವೆರಿಯಲ್ಲೂ ಇರುವುದಿಲ್ಲ. ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುವ ಆಜ್ಞೆ ಎನ್ನದೆ ಮನುಷ್ಯರಿಗೆ ಹೇಳುವ ವಿವರಣೆ ಎಂದು ಬರೆಯಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1984ರಲ್ಲಿ ವಾದಿಸಿದ್ದು ಈ ಕೊರತೆಯನ್ನು ಕಂಡೇ. ಕ್ವೆರಿ ಓದಬಲ್ಲವನಿಗೂ ಕಾರಣ ಬೇಕು, ಓದಲಾಗದ ಗ್ರಾಮ ಪಂಚಾಯಿತಿ ಸದಸ್ಯೆಗೆ ಕಾರಣವೂ ಬೇಕು, ಕ್ರಿಯೆಯೂ ಬೇಕು.

ಬರೆದಿಟ್ಟರೂ ಯಾರು ಓದುತ್ತಾರೆ ಎಂಬುದು ಎರಡನೆಯ ಮಾತು. ನೂರರಲ್ಲಿ ತೊಂಬತ್ತೊಂಬತ್ತು ಜನ ಓದುವುದಿಲ್ಲ, ನಿಜ. ಒಬ್ಬರು ಓದಿದರೆ ಸಾಕು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ, ಸಾಲ ಒಟ್ಟು ದೇಶೀಯ ಉತ್ಪನ್ನದ ಶೇ 90 ದಾಟಿದ ದೇಶಗಳ ಬೆಳವಣಿಗೆ ಸರಾಸರಿ ಶೇ 0.1ರಷ್ಟು ಕುಗ್ಗುತ್ತದೆ ಎಂದು ಬರೆದರು. ಹಲವು ದೇಶಗಳಲ್ಲಿ ಖರ್ಚು ಕಡಿತದ ಪರವಾಗಿ ಆ ಅಂಕಿಯನ್ನು ಎತ್ತಿ ತೋರಿಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹೆರ್ನ್‌ಡನ್ ಅವರ ಕೈಗೆ ಮೂಲದ ಎಕ್ಸೆಲ್ ಹಾಳೆ ಸಿಕ್ಕಿತು. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಸೇರಿರಲಿಲ್ಲ. ಕೆಲವು ವರ್ಷಗಳು ಬಿಟ್ಟುಹೋಗಿದ್ದವು. ದೇಶಗಳಿಗೆ ಕೊಟ್ಟ ತೂಕದಲ್ಲೂ ತಕರಾರಿತ್ತು. ಎಲ್ಲವನ್ನೂ ಸರಿಪಡಿಸಿದಾಗ ಕುಗ್ಗುವ ಬದಲು ಶೇ 2.2ರ ಬೆಳವಣಿಗೆ ಬಂತು. ಮೂರು ವರ್ಷ ಜಗತ್ತು ನಂಬಿದ್ದ ಲೆಕ್ಕವನ್ನು ಒಬ್ಬ ವಿದ್ಯಾರ್ಥಿ ತಿದ್ದಿದ, ಹಾಳೆ ಕಣ್ಣಿಗೆ ಬಿದ್ದದ್ದರಿಂದ. ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ, ಸೇಡಂ, ಚಿಂಚೋಳಿಯ ಪದವಿ ಕಾಲೇಜುಗಳಲ್ಲಿ ಅಂಥ ಓದುಗರು ಇದ್ದಾರೆ ಎಂದು ನಾನು ನಂಬುತ್ತೇನೆ. ಅವರಿಗೆ ಹಾಳೆ ಕೊಡಬೇಕು.

ಸಮಯ ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಹಗುರವಾಗಿ ಉತ್ತರ ಕೊಡಲಾಗದು. ತಾಲ್ಲೂಕು ಕಚೇರಿಗಳಲ್ಲಿ ಅಂಕಿ ತುಂಬುವವರಲ್ಲಿ ಅನೇಕರು ಹೊರಗುತ್ತಿಗೆಯ ನೌಕರರು. ಸಂಜೆಯೊಳಗೆ ವರದಿ ಬೇಕೆಂದು ಬೆಳಿಗ್ಗೆ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ. ಅವರ ಹೆಗಲಿಗೆ ಇನ್ನೊಂದು ಮೂಟೆ ಏರಿಸುವುದು ನ್ಯಾಯವಲ್ಲ. ಆದ್ದರಿಂದ ಎಲ್ಲ ಕ್ವೆರಿಗೂ ಟಿಪ್ಪಣಿ ಬೇಕೆಂದು ನಾನು ಹೇಳುತ್ತಿಲ್ಲ. ಹಣ ಹಂಚುವ, ದರ್ಜೆ ಕಟ್ಟುವ, ಹೆಸರು ಸೇರಿಸುವ ಅಥವಾ ತೆಗೆಯುವ ಕ್ವೆರಿಗೆ ಬೇಕು. ಅದನ್ನು ಬರೆಯುವವರು ಬೆಂಗಳೂರಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಇರುವ ತಂತ್ರಜ್ಞರು. ಟಿಪ್ಪಣಿಯ ಹೊಣೆಯೂ ಅವರದೇ, ಅದಕ್ಕೆ ತಗಲುವ ಸಮಯ ಅವರ ಗುತ್ತಿಗೆಯಲ್ಲೇ ಸೇರಿರಬೇಕು. ನೌಕರರು ಬದಲಾಗುತ್ತಲೇ ಇರುತ್ತಾರೆ ಎಂಬುದು ಬರೆಯದಿರಲು ಕಾರಣವಲ್ಲ, ಬರೆಯಲೇಬೇಕು ಎನ್ನಲು ಕಾರಣ. ಬರೆದವನು ಕೆಲಸ ಬಿಟ್ಟು ಹೋದ ಮೇಲೆ ಆ ಕ್ವೆರಿಯನ್ನು ಮುಟ್ಟಲು ಎಲ್ಲರೂ ಹೆದರುತ್ತಾರೆ, ತಪ್ಪಿದ್ದರೂ ಅದೇ ಮುಂದುವರಿಯುತ್ತದೆ. ಕ್ವೆರಿ ಬದಲಾಗಿ ಟಿಪ್ಪಣಿ ಹಳೆಯದೇ ಉಳಿದರೆ ಇನ್ನೂ ಅಪಾಯ ಎಂಬ ಮಾತನ್ನು ಒಪ್ಪುತ್ತೇನೆ. ಅದಕ್ಕೆ ಪರಿಹಾರ ಎರಡನ್ನೂ ಒಂದೇ ಕಡತದಲ್ಲಿ ಇಡುವುದು, ಟಿಪ್ಪಣಿ ತಿದ್ದದೆ ಕ್ವೆರಿ ತಿದ್ದಿದರೆ ವ್ಯವಸ್ಥೆಯೇ ಅದನ್ನು ಸ್ವೀಕರಿಸದಂತೆ ಮಾಡುವುದು. ಪ್ರತಿ ತಿದ್ದುಪಡಿಯ ದಾಖಲೆ ಇಡುವ ಗಿಟ್‌ನಂಥ ಸಾಧನಗಳನ್ನು ಹಿಡಿದು ಖಾಸಗಿ ಕಂಪನಿಗಳು ಈ ಕೆಲಸ ಮಾಡುತ್ತಿವೆ, ಸರ್ಕಾರಕ್ಕೆ ಅದು ದೊಡ್ಡ ವೆಚ್ಚದ ಬಾಬತ್ತಲ್ಲ.

ಗೋಪ್ಯತೆಯ ಆಕ್ಷೇಪ ತೆಳ್ಳಗಿನದು. ಕ್ವೆರಿಯ ವಿವರಣೆ ಪ್ರಕಟಿಸುವುದು ಎಂದರೆ ರೈತರ ಆಧಾರ್ ಸಂಖ್ಯೆ ಪ್ರಕಟಿಸುವುದಲ್ಲ. ಅಡುಗೆಯ ವಿಧಾನ ಹೇಳಿದ ಮಾತ್ರಕ್ಕೆ ಉಂಡವರ ಹೆಸರು ಹೇಳಿದಂತಾಗುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣ, ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣ ಒದಗಿಸಬೇಕು, ಮಾಹಿತಿ ಹರಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಕೇಳುವ ಮೊದಲೇ ಕೊಡಬೇಕು ಎಂಬುದು ಆ ಪ್ರಕರಣದ ಜೀವ. ಲೆಕ್ಕದ ವಿಚಾರಕ್ಕೆ ಕನ್ನಡ ಸಾಲದು ಎನ್ನುವವರಿಗೆ ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದನೆಂಬುದನ್ನು ನೆನಪಿಸಿದರೆ ಸಾಕು. ಜಾಯಿನ್, ನಲ್, ಕಾಲಂ ಎಂಬ ಪದಗಳು ಕನ್ನಡ ಅಕ್ಷರದಲ್ಲಿ ಹಾಗೇ ಬರಲಿ. ಪಹಣಿ, ತಹಶೀಲ್ದಾರ್, ಜಮಾಬಂದಿ ಎಂಬ ಪರಭಾಷೆಯ ಪದಗಳನ್ನು ಒಳಗೆ ಕರೆದುಕೊಂಡ ಭಾಷೆಗೆ ಅವು ಭಾರವಲ್ಲ. ಭಾರವಾಗುವುದು ವಾಕ್ಯ ಜಟಿಲವಾದಾಗ, ಕಾರಣ ಮುಚ್ಚಿಟ್ಟಾಗ.

ಟಿಪ್ಪಣಿ ಎಂದರೆ ನೂರು ಪುಟದ ಗ್ರಂಥವಲ್ಲ. ಮೊದಲು ಹೇಳಿದ ಜನಸಂಖ್ಯೆಯ ಲೆಕ್ಕಕ್ಕೇ ಬರೆದು ನೋಡೋಣ. ಕಂಡಿಕೆ 1: ಪ್ರಶ್ನೆ, 2001ರಿಂದ 2011ರವರೆಗೆ ಈಗಿನ ಗಡಿಯ ಕಲಬುರಗಿ ಜಿಲ್ಲೆಯ ಜನಸಂಖ್ಯೆ ಎಷ್ಟು ಏರಿತು. ಕಂಡಿಕೆ 2: ಆಧಾರ, ಎರಡೂ ಜನಗಣತಿಗಳ ಅಂತಿಮ ಅಂಕಿ, ತಾತ್ಕಾಲಿಕ ಅಂಕಿ ಬಳಸಿಲ್ಲ. ಕಂಡಿಕೆ 3: 2001ರ ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿದ್ದವು, ಯಾದಗಿರಿ, ಶಹಾಪುರ, ಸುರಪುರ ಈಗ ಬೇರೆ ಜಿಲ್ಲೆಯಾದ್ದರಿಂದ ಅವುಗಳ 9,56,180 ಕಳೆದಿದೆ. ಕಂಡಿಕೆ 4: ಜಿಲ್ಲೆಯ ಹೆಸರು 2014ರಲ್ಲಿ ಬದಲಾದ ಕಾರಣ ಜೋಡಣೆಗೆ ಹೆಸರನ್ನು ಬಳಸದೆ ಸಂಕೇತವನ್ನು ಬಳಸಿದೆ. ಕಂಡಿಕೆ 5: ತಾಳೆ, ಎರಡು ಹೊಸ ಜಿಲ್ಲೆಗಳ 2001ರ ಅಂಕಿ ಕೂಡಿದರೆ ಹಳೆಯ 31,30,922 ಬರುತ್ತದೆ. ಕಂಡಿಕೆ 6: ಬರೆದವರ ಹುದ್ದೆ, ದಿನಾಂಕ, ತಿದ್ದಿದ್ದರೆ ಏಕೆ. ಇಷ್ಟೇ. ಐದನೆಯ ಕಂಡಿಕೆ ಎಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ, ಏಕೆಂದರೆ ಓದುಗ ಕ್ವೆರಿ ತೆರೆಯದೆ ಕಾಗದ ಪೆನ್ನು ಹಿಡಿದು ಅದನ್ನು ಪರೀಕ್ಷಿಸಬಹುದು.

ಇದಕ್ಕೆ ಈಗ ಅವಸರವೂ ಇದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಅದರ ಉಲ್ಲೇಖ ದಿನಾಂಕ 2027ರ ಮಾರ್ಚ್ 1 ಎಂದು ಗೊತ್ತಾಗಿದೆ. 2011ರಲ್ಲಿ ಕಲಬುರಗಿ ಜಿಲ್ಲೆಗೆ ಏಳು ತಾಲ್ಲೂಕುಗಳಿದ್ದವು. ಈಗ ಶಹಾಬಾದ್, ಕಾಳಗಿ, ಕಮಲಾಪುರ, ಯಡ್ರಾಮಿ ಸೇರಿ ಹನ್ನೊಂದು. 2011ರ ಚಿತ್ತಾಪುರ ತಾಲ್ಲೂಕಿನಲ್ಲಿ ಶಹಾಬಾದ್ ಪಟ್ಟಣವೂ ಕಾಳಗಿಯೂ ಇದ್ದವು; ಹೊಸ ಗಣತಿಯ ಚಿತ್ತಾಪುರದಲ್ಲಿ ಇರುವುದಿಲ್ಲ. ಜಿಲ್ಲೆಯ ಮಟ್ಟದಲ್ಲಿ ಯಾದಗಿರಿಯಿಂದ ಆದದ್ದು ಈ ಸಲ ತಾಲ್ಲೂಕಿನ ಮಟ್ಟದಲ್ಲಿ ಆಗಲಿದೆ, ಸಾಕ್ಷರತೆ, ಕೂಲಿಕಾರರು, ಪರಿಶಿಷ್ಟ ಜಾತಿ ಪಂಗಡಗಳ ಪ್ರಮಾಣ ಎಲ್ಲದರಲ್ಲೂ. ಪಟ್ಟಣವೊಂದು ಕಳಚಿಕೊಂಡರೆ ಉಳಿದ ತಾಲ್ಲೂಕಿನ ಸಾಕ್ಷರತೆ ಏರಿಯೂ ಇಳಿದಂತೆ ಕಾಣಬಹುದು. ಹೊಸ ತಾಲ್ಲೂಕಿಗೆ ಹೋದ ಪ್ರತಿ ಗ್ರಾಮದ ಹೆಸರು, 2011ರ ಸಂಕೇತ, ಈಗಿನ ಸಂಕೇತ, ವರ್ಗಾವಣೆಯ ಆದೇಶದ ದಿನಾಂಕ ಇರುವ ಪಟ್ಟಿಯನ್ನು ಗಣತಿಯ ಅಂಕಿ ಹೊರಬೀಳುವ ಮೊದಲೇ ಕನ್ನಡದಲ್ಲಿ ಸಿದ್ಧಮಾಡಿ ತಹಶೀಲ್ದಾರ್ ಕಚೇರಿಯ ಫಲಕದ ಮೇಲೂ ಜಿಲ್ಲಾಡಳಿತದ ಜಾಲತಾಣದಲ್ಲೂ ಹಾಕಬಹುದು. ಕಾಳಗಿಗೆ ಹೋದ ಊರುಗಳು ಯಾವುವು, ಗುಂಡಗುರ್ತಿ ಯಾವ ಸಾಲಿನಲ್ಲಿದೆ ಎಂದು ಆ ಊರಿನ ಯಾರು ಬೇಕಾದರೂ ಬೆರಳಿಟ್ಟು ನೋಡಬಹುದು.